ಚಾವಣಿ ಸೌರ ವಿದ್ಯುತ್ತಿನ ಮರುಖರೀದಿ: ಸದಸ್ಯರು ಮೊದಲು ನೋಡಬೇಕಾದುದು

(ನೇಸರಗಿಯಲ್ಲಿ ಗ್ರಾಮ ಪಂಚಾಯತಿ ಸದಸ್ಯರನ್ನು ಉದ್ದೇಶಿಸಿ ನೀಡಿದ ಉಪನ್ಯಾಸದ ಪಠ್ಯ)



ನೇಸರನ ಹೆಸರು ಹೊತ್ತಂತೆ ಕೇಳಿಸುವ ಊರಿನಲ್ಲಿ ನಿಂತು ಬಿಸಿಲಿನ ಲೆಕ್ಕ ಹೇಳುವ ಅವಕಾಶ ನನಗೆ ದೊರೆತಿದೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮನೆಯ ಚಾವಣಿಯ ಸೌರ ಘಟಕಕ್ಕೆ 1 ಕಿಲೋವ್ಯಾಟ್‌ಗೆ 30,000, 2 ಕಿಲೋವ್ಯಾಟ್‌ಗೆ 60,000, 3 ಹಾಗೂ ಅದಕ್ಕೆ ಮೇಲ್ಪಟ್ಟು 78,000 ರೂಪಾಯಿ ಕೇಂದ್ರದ ಸಹಾಯಧನವಿದೆ. ಪ್ರತಿ ಅಳವಡಿಕೆಗೆ ಸ್ಥಳೀಯ ಸಂಸ್ಥೆಗೆ 1,000 ರೂಪಾಯಿ ಪ್ರೋತ್ಸಾಹಧನವೂ ಉಂಟು. ಈ ಸಾವಿರದ ಆಸೆಗೆ ‘ಕರೆಂಟು ಮಾರಿ ಹಣ ಗಳಿಸಿರಿ’ ಎಂದು ಮನೆಮನೆಗೆ ಹೇಳಿಬಿಟ್ಟರೆ, ನಾಳೆ ಬಿಲ್ಲು ಹಿಡಿದವರು ಮೊದಲು ಬರುವುದು ನಮ್ಮ ಬಾಗಿಲಿಗೇ.

ನೆಟ್ ಮೀಟರ್ ವ್ಯವಸ್ಥೆಯಲ್ಲಿ ಮನೆಗೆ ಬಂದ ಯೂನಿಟ್ಟುಗಳಿಂದ ಲೈನಿಗೆ ಹೋದ ಯೂನಿಟ್ಟುಗಳನ್ನು ಕಳೆಯಲಾಗುತ್ತದೆ. ಹೋದದ್ದು ಬಂದುದಕ್ಕಿಂತ ಹೆಚ್ಚಾದರೆ ಆ ಹೆಚ್ಚುವರಿಗೆ ಮಾತ್ರ ಹೆಸ್ಕಾಂ ಹಣ ಕೊಡುತ್ತದೆ. ದರವನ್ನು ಗೊತ್ತುಪಡಿಸುವುದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. 2013ರ ಆದೇಶದಲ್ಲಿ ಸಹಾಯಧನ ಪಡೆಯದ ಘಟಕಕ್ಕೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆ ಇತ್ತು. ಫಲಕಗಳ ಬೆಲೆ ಇಳಿದಂತೆ ಹೊಸ ಒಪ್ಪಂದಗಳ ದರವೂ ಬಹಳ ಇಳಿದಿದೆ. ಒಪ್ಪಂದ 25 ವರ್ಷದ್ದಾದುದರಿಂದ ಹಳಬರಿಗೆ ಹಳೆಯ ದರವೇ ಸಲ್ಲುತ್ತಿದೆ. ಅವರ ಮಾತು ಕೇಳಿ ಲೆಕ್ಕ ಹಾಕುವವರು ಕೈ ಸುಟ್ಟುಕೊಳ್ಳುತ್ತಾರೆ. ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಮನೆಯ ಬಳಕೆ ಎಷ್ಟೋ ಘಟಕವೂ ಅಷ್ಟೇ ಇರಲಿ. ಗೃಹಜ್ಯೋತಿಯಿಂದ ಶೂನ್ಯ ಬಿಲ್ಲು ಬರುತ್ತಿರುವ ಮನೆಯಲ್ಲಿ ಉಳಿಸುವುದಕ್ಕೆ ಬಿಲ್ಲೇ ಇಲ್ಲ. ಅಂಥವರಿಂದ ಸಾಲ ಮಾಡಿಸುವುದು ನನಗೆ ಸರಿಕಾಣದು.

ತೋಟದ ಮನೆಗಳ ವಿಷಯ ಇನ್ನೂ ಸೂಕ್ಷ್ಮ. ಬ್ಯಾಟರಿಯಿಲ್ಲದ ಸೌರ ಘಟಕವು ಲೈನಿನಲ್ಲಿ ವಿದ್ಯುತ್ ಹೋದೊಡನೆ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್ ಜೀವ ಉಳಿಯಲೆಂದೇ ಈ ಏರ್ಪಾಡು. ಪಂಪ್‌ಸೆಟ್ ಫೀಡರಿಗೆ ಸೇರಿದ ಮನೆಯಲ್ಲಿ ಹಗಲು ಸರಬರಾಜು ನಿಂತಷ್ಟು ಹೊತ್ತು, ಫಲಕ ಎಷ್ಟು ಬಿಸಿಲು ಕಾಯ್ದರೂ ಮೀಟರಿಗೆ ಒಂದು ಯೂನಿಟ್ಟೂ ಬಾರದು. ಇಂಥ ಅರ್ಜಿಗಳಿಗೆ ಮುನ್ನ ಆ ಫೀಡರಿನ ಹಗಲಿನ ಸರಬರಾಜಿನ ಅವಧಿಯನ್ನು ಹೆಸ್ಕಾಂ ಶಾಖಾಧಿಕಾರಿಗಳಿಂದ ಕೇಳಿ ತಿಳಿಯತಕ್ಕದ್ದು.

ನಮ್ಮ ಕೈಯಲ್ಲಿಯೇ ಇರುವ ಕೆಲಸವೊಂದಿದೆ. ಅರ್ಜಿ ನಡೆಯುವುದು ಆರ್.ಆರ್. ಸಂಖ್ಯೆಯ ಮೇಲೆ. ಅಜ್ಜ ತೀರಿಕೊಂಡು ವರ್ಷಗಳಾದರೂ ಮೀಟರು ಅವರ ಹೆಸರಿನಲ್ಲಿಯೇ ಇರುವ ಮನೆಗಳು ಪ್ರತಿ ವಾರ್ಡಿನಲ್ಲಿಯೂ ಸಿಗುತ್ತವೆ. ವಾರಸಾ ಬದಲಾವಣೆಯಾಗದೆ, ಇ-ಸ್ವತ್ತು ನಮೂನೆ 9 ಮತ್ತು 11 ಕೈಗೆ ಬಾರದೆ ಆ ಕುಟುಂಬ ಹೆಸರು ಬದಲಿಸಿಕೊಳ್ಳುವುದಾದರೂ ಹೇಗೆ? ಈ ಕಡತಗಳು ಇರುವುದು ನಮ್ಮ ಪಂಚಾಯತಿಗಳಲ್ಲಿಯೇ. ಮುಂದಿನ ವಾರ್ಡ್ ಸಭೆಯಲ್ಲಿ ಬಿಲ್ಲು ಕಟ್ಟುತ್ತಿರುವ ಮನೆಗಳವರಿಂದ ಕಳೆದ 12 ತಿಂಗಳ ಬಿಲ್ಲುಗಳನ್ನು ತರಿಸಿ, ಹೆಸರು ಹೊಂದದಿರುವವರ ಪಟ್ಟಿಯನ್ನು ಪಿಡಿಒ ಅವರಿಗೆ ಒಪ್ಪಿಸಬೇಕೆಂದು ಕೋರುತ್ತೇನೆ.