‘ವಿಷಾದದಿಂದ ತಿಳಿಸುತ್ತೇವೆ’

(ಸಂಘದ ವಾರ್ಷಿಕ ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)





ಇಂತಹ ಸಮಾರಂಭಗಳಿಗೆ ಗೆದ್ದವರನ್ನು ಕರೆಸುವುದು ವಾಡಿಕೆ. ರ‍್ಯಾಂಕ್ ಬಂದವರಿಗೆ ಶಾಲು, ಸ್ಮರಣಿಕೆ, ಚಪ್ಪಾಳೆ. ಅದು ಆಗಬೇಕಾದದ್ದೇ. ಸಾಚಾರ್ ವರದಿಯ ಅಂಕಿ-ಅಂಶಗಳನ್ನು 2006ರಿಂದ ಈ ವೇದಿಕೆಯಲ್ಲಿ ಹಲವು ಬಾರಿ ಕೇಳಿದ್ದೀರಿ. ಅಬ್ದುಲ್ ಕಲಾಂ ಅವರು ವಾಯುಪಡೆಗೆ ಆಯ್ಕೆಯಾಗದೆ ಹೋದ ಕಥೆಯನ್ನೂ ಕೇಳಿದ್ದೀರಿ. ಅವೆರಡನ್ನೂ ಇವತ್ತು ಬಿಟ್ಟುಬಿಡುತ್ತೇನೆ. ನನಗೆ ಕೊಟ್ಟ ವಿಷಯ ‘ವಿದೇಶದಲ್ಲಿ ಉನ್ನತ ಶಿಕ್ಷಣದ ಅವಕಾಶಗಳು’. ಅದರಲ್ಲಿ ಯಾರೂ ಹೇಳದ ಅರ್ಧ ಭಾಗವೊಂದಿದೆ, ಅರ್ಜಿ ಹಾಕಿ ಸಿಗದೆ ಹೋದವರ ಭಾಗ. ಅರ್ಜಿ ಹಾಕಿದವರಲ್ಲಿ ಹೆಚ್ಚಿನವರು ಸೇರುವುದು ಅಲ್ಲಿಗೇ.

ನಾನೂ ಅಲ್ಲಿದ್ದವನು. 1998ರಲ್ಲಿ ಎಂ.ಎಸ್ಸಿ. ಮುಗಿಸಿ ಅಮೆರಿಕದ ಐದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದೆ. ಆಗ ಡಾಲರಿಗೆ ಸುಮಾರು 42 ರೂಪಾಯಿ. ಮಂಗಳೂರಿನ ಬ್ಯಾಂಕಿಗೆ ಹೋಗಿ ಡಾಲರ್ ಡ್ರಾಫ್ಟ್ ಮಾಡಿಸಬೇಕಿತ್ತು. ಆ ಹಣ ಎಲ್ಲಿಂದ ಬಂತು ಎಂದರೆ, ಮಡಿಲಲ್ಲಿ ಗೆರಸೆ ಇಟ್ಟುಕೊಂಡು ರಾತ್ರಿಯವರೆಗೆ ಬೀಡಿ ಕಟ್ಟುತ್ತಿದ್ದ ನನ್ನ ಉಮ್ಮನ ಕೈಯಿಂದ. ನಮ್ಮೂರಿನ ಮಸೀದಿಯಲ್ಲಿ ಜುಮಾದ ನಂತರ ಯಾರೋ ಹಿರಿಯರು ಅಭಿಮಾನದಿಂದ ಎದ್ದು ನಿಂತು, ‘ನಮ್ಮ ಹುಡುಗ ಅಮೆರಿಕಕ್ಕೆ ಹೋಗುತ್ತಿದ್ದಾನೆ, ದುಆ ಮಾಡಿ’ ಎಂದುಬಿಟ್ಟರು. ನಾನು ಅರ್ಜಿ ಹಾಕಿದ್ದೆ ಅಷ್ಟೆ. ಆದರೆ ಅರ್ಜಿಗೂ ಪ್ರಯಾಣಕ್ಕೂ ಇರುವ ವ್ಯತ್ಯಾಸ ಆಗ ಊರಿಗೆ ಗೊತ್ತಿರಲಿಲ್ಲ.

ಆ ಕಾಲದಲ್ಲಿ ಲಕೋಟೆ ನೋಡಿದರೇ ಫಲಿತಾಂಶ ತಿಳಿಯುತ್ತಿತ್ತು. ದಪ್ಪ ಲಕೋಟೆ ಬಂದರೆ ಪ್ರವೇಶ, ತೆಳುವಾದದ್ದು ಬಂದರೆ ಇಲ್ಲ. ನನಗೆ ಐದೂ ತೆಳುವಾಗಿಯೇ ಬಂದವು. ಐದರಲ್ಲೂ ‘ವಿಷಾದದಿಂದ ತಿಳಿಸುತ್ತೇವೆ’ ಎಂಬ ಅದೇ ಮಾತು, ಕಾರಣ ಒಂದರಲ್ಲೂ ಇಲ್ಲ. ಮೂರು ತಿಂಗಳು ನಾನು ನಮ್ಮ ಮಸೀದಿಯಲ್ಲಿ ಜುಮಾ ಮಾಡಲಿಲ್ಲ, ಬಸ್ಸು ಹತ್ತಿ ಪಕ್ಕದ ಊರಿಗೆ ಹೋಗುತ್ತಿದ್ದೆ. ನಮ್ಮೂರಿನಲ್ಲಿ ‘ಯಾವಾಗ ಹೊರಡುವುದು?’ ಎಂದು ಕೇಳುವವರಲ್ಲಿ ಒಬ್ಬರಿಗೂ ಕೆಟ್ಟ ಮನಸ್ಸಿರಲಿಲ್ಲ. ಅದಕ್ಕೇ ಉತ್ತರಿಸುವುದು ಹೆಚ್ಚು ಕಷ್ಟವಾಗಿತ್ತು.

ಕೊನೆಗೆ ಖತೀಬರೇ ಮನೆಗೆ ಬಂದರು. ನಾನು ಅವರಲ್ಲಿ, ‘ಉಸ್ತಾದ್, ಇಸ್ತಿಖಾರ ನಮಾಝ್ ಮಾಡಿಯೇ ಅರ್ಜಿ ಹಾಕಿದ್ದೆ, ಆದರೂ ಹೀಗಾಯಿತಲ್ಲ’ ಎಂದೆ. ಅವರು ಚಹಾ ಕುಡಿಯುತ್ತಾ ಕೇಳಿದರು: ‘ಒಳ್ಳೆಯದನ್ನು ಆರಿಸಿಕೊಡು ಎಂದು ಕೇಳಿದೆಯೋ, ನಾನು ಆರಿಸಿದ್ದನ್ನು ಕೊಡು ಎಂದು ಕೇಳಿದೆಯೋ?’ ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಇದೇ ಮಾತನ್ನು ಸೋಮಾರಿಗಳು ಬಳಸಿಕೊಳ್ಳುವುದನ್ನೂ ನಾನು ನೋಡಿದ್ದೇನೆ. ಡಿಸೆಂಬರ್ 15 ಕೊನೆಯ ದಿನವಾದರೆ 14ರ ರಾತ್ರಿ ಅರ್ಜಿ ತುಂಬಲು ಕುಳಿತವನು, ಸೀಟು ಸಿಗದಿದ್ದಾಗ ‘ತಕ್ದೀರ್’ ಎಂದರೆ ನಾನು ಒಪ್ಪುವುದಿಲ್ಲ.

ಏಕೆಂದರೆ ನನ್ನ ಐದು ನಿರಾಕರಣೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ನಾನೇ. ಇದು ತಿಳಿದದ್ದು ಆಮೇಲೆ. ಎರಡು ವರ್ಷ ಪಿಯು ಕಾಲೇಜಿನಲ್ಲಿ ಪಾಠ ಮಾಡಿ, ಮತ್ತೆ ಅರ್ಜಿ ಹಾಕಿ, ಹೆಸರು ಹೇಳಿದರೆ ನೀವು ಯಾರೂ ಗುರುತಿಸದಂತಹ ಒಂದು ವಿಶ್ವವಿದ್ಯಾಲಯದಲ್ಲಿ ಸೀಟು ಪಡೆದು, ಅಲ್ಲಿ ಅರ್ಜಿಗಳನ್ನು ವಿಂಗಡಿಸುವ ಕೆಲಸದಲ್ಲಿ ಪ್ರಾಧ್ಯಾಪಕರಿಗೆ ನೆರವಾದಾಗ ಕಣ್ಣು ತೆರೆಯಿತು. ಮೊದಲ ಸಲ ನಾನು ಐದು ದೊಡ್ಡ ಹೆಸರುಗಳನ್ನು ಆರಿಸಿದ್ದೆ. ಅಲ್ಲಿ ಯಾರು ಏನು ಸಂಶೋಧನೆ ಮಾಡುತ್ತಾರೆ ಎಂದು ನೋಡಿರಲೇ ಇಲ್ಲ. ಉದ್ದೇಶ ಪತ್ರವನ್ನು ‘ಚಿಕ್ಕಂದಿನಿಂದಲೂ ನನಗೆ ವಿಜ್ಞಾನದಲ್ಲಿ ಆಸಕ್ತಿ’ ಎಂದು ಆರಂಭಿಸಿದ್ದೆ. ಆ ವಾಕ್ಯವನ್ನು ಅಲ್ಲಿಯ ಮೇಜಿನ ಮೇಲೆ ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಓದುವವರಿಗೆ ಬೇಕಾದದ್ದು ನಿಮ್ಮ ಬಾಲ್ಯವಲ್ಲ. ಪ್ರಾಜೆಕ್ಟ್‌ನಲ್ಲಿ ಏನು ಮಾಡಿದಿರಿ, ಎಲ್ಲಿ ಸಿಕ್ಕಿಹಾಕಿಕೊಂಡಿರಿ, ಮುಂದೆ ಏನನ್ನು ತಿಳಿಯಬೇಕೆಂದಿದ್ದೀರಿ ಎಂಬುದು.

ಶಿಫಾರಸು ಪತ್ರಗಳ ವಿಷಯ ಇನ್ನೂ ಸೂಕ್ಷ್ಮ. ನಮ್ಮ ಕಾಲೇಜುಗಳಲ್ಲಿ ಲೆಕ್ಚರರ್ ಏನು ಹೇಳುತ್ತಾರೆ? ‘ನೀನೇ ಬರೆದುಕೊಂಡು ಬಾ, ಸಹಿ ಹಾಕುತ್ತೇನೆ.’ ಹುಡುಗ ಮೂರೂ ಪತ್ರಗಳನ್ನು ತಾನೇ ಬರೆಯುತ್ತಾನೆ. ಮೂರರಲ್ಲೂ ಒಂದೇ ಶೈಲಿ, ಒಂದೇ ಹೊಗಳಿಕೆ, ಕೆಲವೊಮ್ಮೆ ಒಂದೇ ತಪ್ಪು. ಓದುವವನಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಸಭೆಯಲ್ಲಿರುವ ಅಧ್ಯಾಪಕ ಮಿತ್ರರು ಕ್ಷಮಿಸಬೇಕು, ವಿದ್ಯಾರ್ಥಿಗೆ ಅರ್ಧ ಗಂಟೆ ಕೊಟ್ಟು ನೀವೇ ಒಂದು ಪುಟ ಬರೆಯಿರಿ. ಇದಕ್ಕೆ ಸಂಘದ ನಿಧಿ ಬೇಕಾಗಿಲ್ಲ.

ನಮ್ಮ ಮಕ್ಕಳನ್ನೇ ಹೆಚ್ಚಾಗಿ ಕಾಡುವ ಮತ್ತೊಂದು ತೊಂದರೆ ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮೊಹಮ್ಮದ್’, ಡಿಗ್ರಿಯಲ್ಲಿ ‘ಮುಹಮ್ಮದ್’, ಆಧಾರ್‌ನಲ್ಲಿ ‘ಮೊಹ್ದ್’. ಇಂಗ್ಲಿಷಿನಲ್ಲಿ ಇವು ಮೂರು ಬೇರೆ ವ್ಯಕ್ತಿಗಳು. ಹೆಣ್ಣುಮಕ್ಕಳ ಪಾಸ್‌ಪೋರ್ಟಿನಲ್ಲಿ ಎಷ್ಟೋ ಸಲ ಒಂದೇ ಹೆಸರು, ಕುಟುಂಬದ ಹೆಸರಿನ ಜಾಗ ಖಾಲಿ. ಅಮೆರಿಕದ ವೀಸಾದಲ್ಲಿ ಅಂತಹವರ ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’, ಅಂದರೆ ‘ಮೊದಲ ಹೆಸರು ಗೊತ್ತಿಲ್ಲ’ ಎಂದು ಅಚ್ಚಾಗುತ್ತದೆ. ಅರ್ಜಿ ಹಾಕುವ ಒಂದು ವರ್ಷ ಮೊದಲೇ ಇದನ್ನು ಸರಿಪಡಿಸಿಕೊಳ್ಳಿ. ಪ್ರವೇಶ ಸಿಕ್ಕ ಮೇಲೆ ಓಡಾಡಿದರೆ ಸಮಯ ಸಾಲದು.

ಇನ್ನು ಕೆಲವು ನಿರಾಕರಣೆಗಳು ಬರಿಯ ಲೆಕ್ಕಾಚಾರದವು. ಜರ್ಮನಿಯಲ್ಲಿ 1.0 ಅತ್ಯುತ್ತಮ ದರ್ಜೆ, 4.0 ಪಾಸ್. ನಮ್ಮ ಅಂಕಗಳನ್ನು ಅವರು ಒಂದು ಸೂತ್ರದಿಂದ ಬದಲಾಯಿಸುತ್ತಾರೆ. ನೂರಕ್ಕೆ 40 ಪಾಸ್ ಆಗಿರುವ ಕಡೆ 70 ಪಡೆದವನಿಗೆ 2.5 ಬರುತ್ತದೆ. ಕೋರ್ಸಿಗೆ 2.3 ಬೇಕೆಂದಿದ್ದರೆ ಅವನು ಎಷ್ಟು ಚೆನ್ನಾಗಿ ಪತ್ರ ಬರೆದರೂ ಆಗುವುದಿಲ್ಲ. ಇದನ್ನು ಮನೆಯಲ್ಲೇ ಕುಳಿತು ಲೆಕ್ಕ ಹಾಕಬಹುದು. 2022ರ ನವೆಂಬರಿನಿಂದ ಭಾರತದ ವಿದ್ಯಾರ್ಥಿಗಳಿಗೆ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯವಾಗಿದೆ. ಹಾಗೆಯೇ ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು 16 ವರ್ಷದ ಶಿಕ್ಷಣ ಕೇಳುತ್ತವೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಮೂರು ವರ್ಷದ ಬಿ.ಕಾಂ., ಬಿ.ಎಸ್ಸಿ. ಮಾಡಿದವರು ಒಂದೋ ಇಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಇಲ್ಲವೇ ಮೂರು ವರ್ಷವನ್ನು ಒಪ್ಪುವ ಬ್ರಿಟನ್ನಿನಂತಹ ಕಡೆ ನೋಡಿ. ಇಲ್ಲಿ ‘ಇಲ್ಲ’ ಎನ್ನುವುದು ನಿಮ್ಮ ಬುದ್ಧಿಶಕ್ತಿಗಲ್ಲ, ನಿಮ್ಮ ಕಾಗದಕ್ಕೆ.

ಕೆಲವು ಸಲ ಕಾಗದವೂ ಸರಿ ಇರುತ್ತದೆ, ಬುದ್ಧಿಯೂ ಇರುತ್ತದೆ, ಆದರೂ ಸಿಗುವುದಿಲ್ಲ. 2024ರಲ್ಲಿ ಹಾರ್ವರ್ಡ್‌ನ ಪದವಿ ತರಗತಿಗೆ 54 ಸಾವಿರ ಮಂದಿ ಅರ್ಜಿ ಹಾಕಿದ್ದರು, ಪ್ರವೇಶ ಸಿಕ್ಕಿದ್ದು ಎರಡು ಸಾವಿರಕ್ಕಿಂತ ಕಡಿಮೆ ಮಂದಿಗೆ. ಉಳಿದ 52 ಸಾವಿರ ಜನ ದಡ್ಡರೇ? 2025ರಲ್ಲಿ ಅಮೆರಿಕದ ಸರಕಾರ ಸಂಶೋಧನಾ ಅನುದಾನ ಕಡಿತಗೊಳಿಸಿದಾಗ ಹಲವು ಕಡೆ ಪಿಎಚ್.ಡಿ. ಸೀಟುಗಳು ಇಳಿದವು, ಕೊಟ್ಟ ಪ್ರವೇಶವನ್ನು ಹಿಂತೆಗೆದುಕೊಂಡ ಉದಾಹರಣೆಯೂ ಇದೆ. ಸೀಟು ಕಳೆದುಕೊಂಡ ಆ ಹುಡುಗರು ಮಾಡಿದ ತಪ್ಪೇನು?

ಶ್ರೀನಿವಾಸ ರಾಮಾನುಜನ್ ಅವರ ಹೆಸರು ನಿಮಗೆ ಗೊತ್ತು. ಹಾರ್ಡಿಗೆ 1913ರ ಜನವರಿಯಲ್ಲಿ ಪತ್ರ ಬರೆದದ್ದೂ ಗೊತ್ತಿರಬಹುದು. ಅದಕ್ಕೆ ಮೊದಲು ಕೇಂಬ್ರಿಜ್‌ನ ಬೇಕರ್ ಮತ್ತು ಹಾಬ್ಸನ್ ಎಂಬ ಇಬ್ಬರು ದೊಡ್ಡ ಗಣಿತಜ್ಞರಿಗೆ ಅವರು ಬರೆದಿದ್ದರು, ಅಲ್ಲಿಂದ ಏನೂ ನೆರವು ಬರಲಿಲ್ಲ. ಬರೆದವರು ಮದರಾಸಿನಲ್ಲಿದ್ದ ಅದೇ ಗುಮಾಸ್ತರು, ಕಳುಹಿಸಿದ್ದು ತಮ್ಮದೇ ಗಣಿತ. ಓದುವವರು ಮಾತ್ರ ಬೇರೆ.

ಈಗ ಹಣದ ಮಾತು. ಅಮೆರಿಕದ ಎಂಟು ಕಡೆ ಅರ್ಜಿ ಹಾಕಿದರೆ ಪರೀಕ್ಷಾ ಶುಲ್ಕವೂ ಸೇರಿ ಖರ್ಚು ಲಕ್ಷ ರೂಪಾಯಿಯ ಹತ್ತಿರ ಹೋಗುತ್ತದೆ, ಸೀಟು ಸಿಗುವ ಮೊದಲೇ. ಬಹಳ ಕಡೆ ಕೇಳಿದರೆ ಅರ್ಜಿ ಶುಲ್ಕ ಮನ್ನಾ ಮಾಡುತ್ತಾರೆ. ನಮ್ಮ ಮಕ್ಕಳು ನಾಚಿಕೆಯಿಂದ ಕೇಳುವುದಿಲ್ಲ, ಕೇಳಿ. ಹಳೆಯ ಮಾರ್ಗದರ್ಶಿ ಪುಸ್ತಕಗಳಲ್ಲಿ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶಿ ಶಿಕ್ಷಣ ಸಾಲಕ್ಕೆ ಬಡ್ಡಿ ಸಹಾಯಧನ ನೀಡುವ ‘ಪಢೋ ಪರ್ದೇಶ್’ ಯೋಜನೆಯ ಹೆಸರು ಇನ್ನೂ ಇದೆ. ಕೇಂದ್ರ ಸರಕಾರ ಅದನ್ನು 2022-23ರಿಂದ ನಿಲ್ಲಿಸಿದೆ. ಅದನ್ನು ನಂಬಿ ಸಾಲದ ಲೆಕ್ಕ ಹಾಕಬೇಡಿ. ‘ಉಚಿತ ಸಲಹೆ’ ಕೊಡುವ ಏಜೆಂಟರ ಬಗ್ಗೆಯೂ ಎಚ್ಚರವಿರಲಿ. ಅವರಲ್ಲಿ ಹೆಚ್ಚಿನವರಿಗೆ ಕಮಿಷನ್ ಬರುವುದು ಕಾಲೇಜಿನಿಂದ. ಕಮಿಷನ್ ಕೊಡದ ಕಾಲೇಜಿನ ಹೆಸರು ಅವರ ಬಾಯಲ್ಲಿ ಬರುವುದು ಕಡಿಮೆ.

ಬಡ್ಡಿ ಸಾಲದ ಧಾರ್ಮಿಕ ಪ್ರಶ್ನೆಗೆ ಉತ್ತರಿಸಲು ನಾನು ಆಲಿಮ್ ಅಲ್ಲ, ನಿಮ್ಮ ಉಲೇಮಾಗಳಲ್ಲಿ ಕೇಳಿ. ನಾನು ಹೇಳಬಲ್ಲದ್ದು ಇಷ್ಟು: ಸಾಲವಿಲ್ಲದ ದಾರಿಗಳೂ ಇವೆ. ಅಸಿಸ್ಟೆಂಟ್‌ಶಿಪ್ ಇರುವ ಪಿಎಚ್.ಡಿ.ಯಲ್ಲಿ ಬೋಧನಾ ಶುಲ್ಕ ಮನ್ನಾ ಆಗಿ ತಿಂಗಳ ವೇತನ ಬರುತ್ತದೆ. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕವಿಲ್ಲ. ಆದರೆ ವರ್ಷದ ಜೀವನ ವೆಚ್ಚವೆಂದು 2024ರ ಸೆಪ್ಟೆಂಬರಿನಲ್ಲಿ ನಿಗದಿಯಾದಂತೆ 11,904 ಯೂರೋ ಮೊದಲೇ ಖಾತೆಯಲ್ಲಿ ತೋರಿಸಬೇಕು. ಎರಡು ವರ್ಷ ಕೆಲಸದ ಅನುಭವ ಇರುವವರಿಗೆ ಬ್ರಿಟನ್ನಿನ ಚೀವ್ನಿಂಗ್ ಇದೆ. ಇಂತಹ ಖಾತೆಗೆ ಒಂದು ವರ್ಷದ ಮಟ್ಟಿಗೆ ಕರ್ಝೆ ಹಸನ್ ಕೊಡುವ ನಿಧಿಯೊಂದನ್ನು ಸಂಘವೇ ಏಕೆ ಆರಂಭಿಸಬಾರದು? ಆ ಹಣ ಖರ್ಚಾಗುವುದಕ್ಕೆ ಮೊದಲು ಜಾಮೀನಿನ ಕೆಲಸವನ್ನೇ ಮಾಡುತ್ತದೆ. ಅಧ್ಯಕ್ಷರು ಮುಗುಳ್ನಗುತ್ತಿದ್ದಾರೆ, ಅಂದರೆ ಇದು ಅವರ ಗಮನಕ್ಕೆ ಬಂದಿದೆ.

ಇನ್ನೊಂದು ಮಾತು ಹೆತ್ತವರಿಗೆ, ಅದರಲ್ಲೂ ತಂದೆಯಂದಿರಿಗೆ. ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದಳು. ತಗ್ಗಿದ ದನಿ. ನಾಲ್ಕು ಕಡೆಯಿಂದಲೂ ನಿರಾಕರಣೆ ಬಂದಿತ್ತು. ಅವಳ ಅಳು ಅದಕ್ಕಲ್ಲ. ‘ಸರ್, ಇದನ್ನು ಮನೆಯಲ್ಲಿ ಹೇಳಿದರೆ ಮುಂದಿನ ತಿಂಗಳೇ ನಿಶ್ಚಿತಾರ್ಥ. ಓದಿದ್ದು ಸಾಕು ಎನ್ನುತ್ತಾರೆ’ ಎಂದಳು. ಎರಡು ತಿಂಗಳಿನಿಂದ ‘ಇನ್ನೂ ಉತ್ತರ ಬಂದಿಲ್ಲ’ ಎಂದು ಸುಳ್ಳು ಹೇಳಿಕೊಂಡು ಬಂದಿದ್ದಳು. ಅದೇ ಪತ್ರ ಹುಡುಗನಿಗೆ ಬಂದರೆ ‘ಮುಂದಿನ ವರ್ಷ ನೋಡೋಣ ಮಗಾ’ ಎನ್ನುತ್ತೇವೆ. ಹುಡುಗಿಗೆ ಬಂದರೆ ಅದನ್ನೇ ತೀರ್ಪು ಮಾಡಿಬಿಡುತ್ತೇವೆ. ಮದುವೆ ತಪ್ಪೆಂದು ನಾನು ಹೇಳುತ್ತಿಲ್ಲ, ನನ್ನ ಮಗಳಿಗೂ ಮಾಡಿದ್ದೇನೆ. ಆದರೆ ಸಾವಿರಾರು ಮೈಲಿ ದೂರದ ಯಾವುದೋ ಕಚೇರಿಯ ಅಚ್ಚು ಪತ್ರ ನಮ್ಮ ಮಗಳ ಓದು ಮುಗಿಯಿತೆಂದು ತೀರ್ಮಾನಿಸಬೇಕೇ?

ಸುಳ್ಳನ್ನು ಮುಂದುವರಿಸಬೇಡ ಎಂದು ಅವಳಿಗೆ ಹೇಳಿದೆ. ಬರಿಗೈಯಲ್ಲಿ ಹೋಗಿ ಅತ್ತರೆ ಪ್ರಯೋಜನವಿಲ್ಲ, ಮುಂದಿನ ಒಂದು ವರ್ಷ ಏನು ಮಾಡುತ್ತೀ ಎಂಬುದನ್ನು ತಿಂಗಳುವಾರು ಬರೆದು ತಂದೆಯ ಮುಂದಿಡು ಎಂದೆ. ಅವಳು ಹಾಗೆಯೇ ಮಾಡಿದಳು. ತಂದೆ ಎರಡು ದಿನ ಮಾತನಾಡಲಿಲ್ಲವಂತೆ. ಮೂರನೆಯ ದಿನ, ‘ಒಂದು ವರ್ಷ. ಅಷ್ಟೇ’ ಎಂದರಂತೆ. ಮರುವರ್ಷ ಮತ್ತೆ ಎರಡು ನಿರಾಕರಣೆ ಬಂದವು, ಒಂದು ಕಡೆ ಹಣದ ನೆರವಿಲ್ಲದ ಪ್ರವೇಶ ಸಿಕ್ಕಿತು. ಅದನ್ನು ಅವಳೇ ಬಿಟ್ಟಳು. ಆದರೆ ಆ ವರ್ಷದ ತಯಾರಿಯಲ್ಲೇ ಸಿಎಸ್‌ಐಆರ್ ನೆಟ್ ಬರೆದು ಜೆಆರ್‌ಎಫ್ ಪಡೆದಿದ್ದಳು. 2023ರಿಂದ ಅದು ತಿಂಗಳಿಗೆ 37 ಸಾವಿರ ರೂಪಾಯಿ. ಈಗ ಇಲ್ಲೇ ಪಿಎಚ್.ಡಿ. ಮಾಡುತ್ತಿದ್ದಾಳೆ. ವಿದೇಶಕ್ಕೆ ಹೋಗಲಿಲ್ಲ, ಅಥವಾ ಇನ್ನೂ ಹೋಗಿಲ್ಲ ಎನ್ನೋಣ. ಮೊನ್ನೆ ಅವಳ ತಂದೆ ಪೇಟೆಯಲ್ಲಿ ಸಿಕ್ಕಿ, ಮಗಳ ಸಂಶೋಧನೆಯ ವಿಷಯವನ್ನು ನನಗೆ ಹತ್ತು ನಿಮಿಷ ವಿವರಿಸಿದರು. ಅರ್ಧ ತಪ್ಪಾಗಿತ್ತು. ನಾನು ತಿದ್ದಲಿಲ್ಲ.

ನಿರಾಕರಣೆ ಬಂದ ದಿನ ಏನು ಮಾಡಬೇಕು ಎಂದು ಕೆಲವರು ಕೇಳುತ್ತಾರೆ. ಅಂದು ಏನೂ ಮಾಡಬೇಡಿ. ಊಟ ಮಾಡಿ, ನಮಾಝ್ ಮಾಡಿ, ಮಲಗಿ. ಸಿಟ್ಟಿನಲ್ಲಿ ವಿಶ್ವವಿದ್ಯಾಲಯಕ್ಕೆ ಉತ್ತರ ಬರೆಯಬೇಡಿ. ಒಂದು ವಾರದ ನಂತರ ಅರ್ಜಿಯನ್ನು ತೆಗೆದು ಬೇರೆಯವರ ಅರ್ಜಿಯೆಂದುಕೊಂಡು ಓದಿ. ಜಿಆರ್‌ಇ ಅಂಕ ಐದು ವರ್ಷ ಊರ್ಜಿತ, ಟೋಫೆಲ್ ಮತ್ತು ಐಇಎಲ್‌ಟಿಎಸ್ ಎರಡು ವರ್ಷ. ಆದ್ದರಿಂದ ಮುಂದಿನ ವರ್ಷಕ್ಕೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕಾಗಿಲ್ಲ. ಕಾಯುವ ಪಟ್ಟಿಯಲ್ಲಿದ್ದವರು ಏಪ್ರಿಲ್ 15ರವರೆಗೆ ಆಸೆ ಬಿಡಬೇಡಿ. ಅಮೆರಿಕದಲ್ಲಿ ಹಣದ ನೆರವು ಸಿಕ್ಕವರು ಒಪ್ಪಿಗೆ ತಿಳಿಸಲು ಬಹಳಷ್ಟು ವಿಶ್ವವಿದ್ಯಾಲಯಗಳು ಪಾಲಿಸುವ ಗಡುವು ಅದು, ಕೆಲವರು ಬಿಟ್ಟ ಸೀಟು ಆಗ ಖಾಲಿಯಾಗುತ್ತದೆ.

ಸಂಘದ ಕಚೇರಿಯಲ್ಲಿ ಪ್ರತಿ ಭಾನುವಾರ ಅಸರ್ ನಮಾಝಿನ ನಂತರ ನಾನು ಕುಳಿತಿರುತ್ತೇನೆ, ಇನ್ಶಾ ಅಲ್ಲಾಹ್. ಉದ್ದೇಶ ಪತ್ರದ ಕರಡು, ಅಂಕಪಟ್ಟಿ, ಪಾಸ್‌ಪೋರ್ಟಿನ ಪ್ರತಿ ತನ್ನಿ. ನಿರಾಕರಣೆಯ ಪತ್ರ ಬಂದವರು ಅದನ್ನೂ ತನ್ನಿ. ನನ್ನ ಐದನ್ನೂ ಒಂದು ಕಡತದಲ್ಲಿ ಇಟ್ಟುಕೊಂಡಿದ್ದೇನೆ, ತೋರಿಸುತ್ತೇನೆ.