ಕ್ಷಯದ ಕ್ರಿಮಿಯ ಉಪಾಯ



ನಾನು ವೈದ್ಯನಲ್ಲ, ಗಿರಣಿಯಲ್ಲಿ ಹಾಜರಿ ಬರೆಯುವ ಗುಮಾಸ್ತ. ನಮ್ಮ ಖಾತೆಯ ಗೆಳೆಯರೊಬ್ಬರು ಕ್ಷಯಕ್ಕೆ ಎರಡು ತಿಂಗಳು ಗುಳಿಗೆ ನುಂಗಿ, ಕೆಮ್ಮು ನಿಂತಿತೆಂದು ಬಿಟ್ಟರು. ಮಳೆಗಾಲಕ್ಕೆ ಮತ್ತೆ ಹಾಸಿಗೆ ಹಿಡಿದರು. ಹೀಗೇಕಾಯಿತೆಂದು ಓದಿ ತಿಳಿದುದನ್ನು ಅರಿಕೆ ಮಾಡುತ್ತೇನೆ.

ಈ ಕ್ರಿಮಿಯನ್ನು 1882ರಲ್ಲಿ ಜರ್ಮನಿಯ ರಾಬರ್ಟ್ ಕೋಖ್ ಕಂಡುಹಿಡಿದರು. ಶ್ವಾಸಕೋಶದ ಕಾವಲುಕಣಗಳು ಇದನ್ನು ನುಂಗಿ ಚೀಲವೊಂದರಲ್ಲಿ ಹಾಕುತ್ತವೆ. ಜೀರ್ಣರಸದ ಚೀಲ ಬಂದು ಅದರೊಡನೆ ಕೂಡಿದರೆ ಕ್ರಿಮಿಗೆ ಸಾವು. ಆದರೆ ಕ್ರಿಮಿಯ ಬಳಿ ಕಿಣ್ವಗಳಿವೆ. ಸ್ಯಾಪ್-ಎಂ ಎಂಬುದು ಚೀಲದ ಮೇಲಿನ ಗುರುತನ್ನೇ ಅಳಿಸುತ್ತದೆ. ವಿಳಾಸ ಅಳಿಸಿದ ಕಾಗದದಂತೆ, ಜೀರ್ಣರಸ ಅಲ್ಲಿಗೆ ಮುಟ್ಟುವುದಿಲ್ಲ. ಕ್ಯಾಟ್-ಜಿ ಎಂಬುದು ಕಾವಲುಕಣ ಎರಚುವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು ನಿರ್ವಿಷ ಮಾಡುತ್ತದೆ.

ಸ್ವಾರಸ್ಯ ಇಲ್ಲಿದೆ. 1952ರಿಂದ ಬಳಕೆಯಲ್ಲಿರುವ ಐಸೋನಿಯಾಜಿಡ್ ಗುಳಿಗೆ ತಾನಾಗಿ ಕೊಲ್ಲದು; ಕ್ರಿಮಿಯ ಅದೇ ಕ್ಯಾಟ್-ಜಿ ಅದನ್ನು ಮಾರಕವಾಗಿ ಮಾರ್ಪಡಿಸುತ್ತದೆ. ಗುರಾಣಿಯೇ ಕತ್ತಿಯಾದಂತೆ! ಆದರೆ ಆ ಕಿಣ್ವ ಕೆಟ್ಟ ಕ್ರಿಮಿಗಳಿಗೆ ಈ ಗುಳಿಗೆ ನಾಟದು. ಆದುದರಿಂದಲೇ ಹಲವು ಮದ್ದುಗಳನ್ನು ಕೂಡಿಸಿ, ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ. ನಡುವೆ ಬಿಟ್ಟರೆ ಅಡಗಿದ್ದವು ಮತ್ತೆ ತಲೆ ಎತ್ತುತ್ತವೆ.

ಮನೆಯಲ್ಲಿದ್ದು ಮದ್ದು ತೆಗೆದುಕೊಂಡರೂ ಸ್ಯಾನಿಟೋರಿಯಂನಷ್ಟೇ ಗುಣವೆಂದು ಮದರಾಸಿನ ಪ್ರಯೋಗ 1959ರಲ್ಲೇ ತೋರಿಸಿತು. ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಉಚಿತ. ಹೀಗಿರುವಾಗ ಬಚ್ಚಿಡುವುದೇಕೆ? ಖೋಲಿಯಲ್ಲಿ ಯಾರಾದರೂ ಎರಡು ವಾರ ಮೀರಿ ಕೆಮ್ಮಿದರೆ ಕೈಹಿಡಿದು ಕರೆದೊಯ್ಯಿರಿ.

ನಮ್ಮ ಗೆಳೆಯರು ಮತ್ತೆ ಗುಳಿಗೆ ಹಿಡಿದಿದ್ದಾರೆ. ದಿನವೂ ಸಂಜೆ ಹೋಗಿ ಅದರ ಹಾಜರಿಯನ್ನೂ ನಾನೇ ಬರೆಯುತ್ತೇನೆ.