ಹೊಟ್ಟೆಯ ಲೆಕ್ಕ: ಇಸಬ್ಗೋಲ್ ಎಷ್ಟು, ನೀರು ಎಷ್ಟು, ಡಾಕ್ಟರ್ ಯಾವಾಗ?

(ದಮ್ಮಾಮ್‌ನಲ್ಲಿ ಶುಕ್ರವಾರ ಸಂಜೆ ನಡೆದ ಸದಸ್ಯರ ಕುಟುಂಬ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಮೊದಲೇ ಒಂದು ಮಾತು ಹೇಳಿಬಿಡ್ತೇನೆ. ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಮುಗಿಸಿ ಬಂದು, ಹದಿನೆಂಟು ವರ್ಷದಿಂದ ಇಲ್ಲಿ ಕಂಪನಿಯ ಲೆಕ್ಕ ಬರೆಯುವವ. ಆರೋಗ್ಯದ ಬಗ್ಗೆ ಮಾತಾಡಿ ಅಂದಾಗ ಬೇರೆ ಯಾರನ್ನಾದರೂ ಕರೆಯಿರಿ ಅಂದೆ. ಆಮೇಲೆ ಯೋಚಿಸಿದೆ, ಈ ಒಂದು ವಿಷಯವನ್ನು ನಾನೇ ಹೇಳಬೇಕು. ಯಾಕೆ ಅಂತ ಕೊನೆಗೆ ನಿಮಗೆ ಗೊತ್ತಾಗ್ತದೆ.

ವಿಷಯ ಮಲಬದ್ಧತೆ. ನಗಬೇಡಿ ಮಾರಾಯ್ರೆ. ಶುಗರ್, ಬಿ.ಪಿ. ಬಗ್ಗೆ ನಾವು ಊಟದ ಸುಪ್ರದ ಮುಂದೆ ಕೂತೂ ಮಾತಾಡುತ್ತೇವೆ. ಇದನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ನಮ್ಮ ಯಾವ ರೂಮಿನ ಅಡುಗೆ ಶೆಲ್ಫ್ ನೋಡಿದರೂ ಉಪ್ಪಿನಕಾಯಿ ಬಾಟಲಿಯ ಹಿಂದೆ ಒಂದು ಇಸಬ್ಗೋಲ್ ಪ್ಯಾಕೆಟ್ ಇರ್ತದೆ. ಯಾರದ್ದು ಅಂತ ಕೇಳಿದರೆ ಯಾರದ್ದೂ ಅಲ್ಲ!

ನಮಗೆ ಇಲ್ಲಿ ಈ ತೊಂದರೆ ಯಾಕೆ ಹೆಚ್ಚು? ಊರಲ್ಲಿ ಕುಚ್ಚಲಕ್ಕಿ ಗಂಜಿ, ಹೆಸರುಕಾಳು, ಬಸಳೆ, ಹರಿವೆ ತಿಂದು ಬೆಳೆದವರು ನಾವು. ಇಲ್ಲಿ ಬೆಳಿಗ್ಗೆ ಮೈದಾ ಪರೋಟ, ಮಧ್ಯಾಹ್ನ ಕಬ್ಸ, ರಾತ್ರಿ ಬಿಳಿ ಕುಬೂಸ್ ಮತ್ತು ಕೋಳಿ. ಇದರಲ್ಲಿ ಹೊಟ್ಟೆ ತುಂಬ್ತದೆ, ನಾರು ಮಾತ್ರ ಬಹಳ ಕಡಿಮೆ. ಎರಡನೆಯದು ನೀರು. ಟ್ರೈಲರ್ ಓಡಿಸುವ ನಮ್ಮ ಹುಡುಗರು ದಾರಿಯಲ್ಲಿ ಗಾಡಿ ನಿಲ್ಲಿಸಬೇಕಾಗ್ತದೆ ಅಂತ ನೀರು ಕುಡಿಯುವುದಿಲ್ಲ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಅಂತ ಇಲ್ಲಿ ಕಾನೂನೇ ಉಂಟು. ಆ ಮೂರು ಗಂಟೆ ಬಿಟ್ಟರೂ ಉಳಿದ ಹೊತ್ತಿನಲ್ಲಿ ಬೆವರು ಹರಿಯುವುದು ನಿಲ್ಲುವುದಿಲ್ಲವಲ್ಲ. ದೇಹಕ್ಕೆ ನೀರು ಸಾಲದಿದ್ದರೆ ಕರುಳು ಮಲದಲ್ಲಿರುವ ನೀರನ್ನೇ ಹೀರಿಕೊಳ್ತದೆ. ಆಗ ಅದು ಕಲ್ಲಿನ ಹಾಗೆ ಆಗ್ತದೆ.

ಮೂರನೆಯದು ಕ್ಯಾಂಪ್‌ನ ಬೆಳಗ್ಗೆ. ಒಂದು ಬಾತ್‌ರೂಮ್, ಹೊರಗೆ ಐದಾರು ಜನ, ಕೆಳಗೆ ಬಸ್ಸಿನ ಹಾರ್ನ್. ಬಂದದ್ದನ್ನು ತಡೆದು ಹೋಗ್ತೇವೆ. ದಿನಾ ತಡೆದರೆ ಕರುಳು ಕರೆಯುವುದನ್ನೇ ಕಡಿಮೆ ಮಾಡ್ತದೆ.

ನನ್ನದೇ ಕಥೆ ಹೇಳ್ತೇನೆ. ಬಂದ ನಾಲ್ಕನೇ ವರ್ಷ. ದಿನಕ್ಕೆ ಹತ್ತು ಗಂಟೆ ಕುರ್ಚಿ, ಎ.ಸಿ., ನೀರಿನ ಬದಲು ಸುಲೈಮಾನಿ. ಗುದದ್ವಾರದಲ್ಲಿ ಬಿರುಕು ಬಿಟ್ಟು, ಬಾತ್‌ರೂಮಿಗೆ ಹೋಗಲಿಕ್ಕೇ ಹೆದರಿಕೆ ಆಗ್ತಿತ್ತು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ, ಹೆಂಡತಿಗೂ ಫೋನಲ್ಲಿ ಹೇಳಲಿಲ್ಲ. ಕೊನೆಗೆ ತಡೆಯಲಾಗದೆ ಡಾಕ್ಟರ್ ಹತ್ತಿರ ಹೋದಾಗ ಅವರು ಪರೀಕ್ಷೆ ಮಾಡಿ ಹೇಳಿದ್ದು ಮೂರೇ ಮಾತು: ನೀರು, ನಾರು, ಇಸಬ್ಗೋಲ್. ಆರು ವಾರದಲ್ಲಿ ಗುಣವಾಯ್ತು.

ಈ ಇಸಬ್ಗೋಲ್ ಅಂದರೆ ಎಂತದ್ದು? ಗುಜರಾತ್, ರಾಜಸ್ಥಾನದ ಒಣಭೂಮಿಯಲ್ಲಿ ಚಳಿಗಾಲದ ಬೆಳೆಯಾಗಿ ಬೆಳೆಯುವ ಒಂದು ಸಣ್ಣ ಗಿಡದ ಬೀಜದ ಹೊಟ್ಟು. ಗುಜರಾತಿನ ಊಂಝಾ ಇದರ ದೊಡ್ಡ ಮಾರುಕಟ್ಟೆ, ಸಿದ್ಧಪುರದಲ್ಲಿ ಹೊಟ್ಟು ಬಿಡಿಸುವ ಕಾರ್ಖಾನೆಗಳುಂಟು. ಹೆಸರು ಪಾರ್ಸಿ ಭಾಷೆಯದ್ದು, ಕುದುರೆಯ ಕಿವಿ ಅಂತ ಅರ್ಥ. ಬೀಜದ ಆಕಾರ ಹಾಗೆ. ಪ್ರಪಂಚದಲ್ಲಿ ಬಳಸುವ ಇಸಬ್ಗೋಲಿನ ಬಹುಪಾಲು ನಮ್ಮ ದೇಶದ್ದೇ. ಇಲ್ಲಿನ ಫಾರ್ಮಸಿಯಲ್ಲಿ ಸೈಲಿಯಂ ಅಂತ ಕೇಳಿದರೆ ಕೊಡ್ತಾರೆ, ಅರಬಿಯಲ್ಲಿ ‘ಕುಶೂರ್ ಸಿಲಿಯಂ’. ಅಮೆರಿಕದ ಡಬ್ಬಿಯಲ್ಲಿ ಬಂದರೂ ಒಳಗಿನ ಹೊಟ್ಟು ಹೆಚ್ಚಾಗಿ ನಮ್ಮ ಕಡೆಯದ್ದೇ, ದರ ಮಾತ್ರ ಬೇರೆ. ಕಿತ್ತಳೆ ರುಚಿಯ ಕೆಲವು ಡಬ್ಬಿಗಳಲ್ಲಿ ಸಕ್ಕರೆ ಇರ್ತದೆ. ಶುಗರ್ ಇದ್ದವರು ಲೇಬಲ್ ಓದಿ ತೆಗೆದುಕೊಳ್ಳಿ.

ಇದು ಕೆಲಸ ಮಾಡುವ ರೀತಿ ಸುಲಭ. ಹೊಟ್ಟು ನೀರು ಕುಡಿದು ಉಬ್ಬಿ ಲೋಳೆಯಾಗ್ತದೆ. ಆ ಲೋಳೆ ಕರುಳಿನ ಕೊನೆಯವರೆಗೂ ನೀರನ್ನು ಹಿಡಿದಿಟ್ಟುಕೊಳ್ತದೆ, ಮಲ ಮೆತ್ತಗಾಗ್ತದೆ, ಗಾತ್ರ ಹೆಚ್ಚಿ ಸಲೀಸಾಗಿ ಹೋಗ್ತದೆ. ಇಲ್ಲಿನ ಅತ್ತರ್ ಅಂಗಡಿಗಳಲ್ಲಿ ಸಿಗುವ ‘ಸನಾ ಮಕ್ಕಿ’ ಬೇರೆ, ಅದು ಕರುಳನ್ನು ಚುಚ್ಚಿ ಓಡಿಸುವ ಮದ್ದು. ಒಂದೆರಡು ದಿನಕ್ಕೆ ಸರಿ, ದಿನಾ ಕುಡಿಯುವಂಥದ್ದಲ್ಲ. ಇಸಬ್ಗೋಲ್ ಹಾಗೆ ಓಡಿಸುವುದಿಲ್ಲ, ಪರಿಣಾಮ ಕಾಣಲು 12ರಿಂದ 72 ಗಂಟೆ ಬೇಕು. ರಾತ್ರಿ ಕುಡಿದು ಬೆಳಿಗ್ಗೆ ಆಗಲಿಲ್ಲ ಅಂತ ಎರಡು ಪಟ್ಟು ಹಾಕಬೇಡಿ.

ಈಗ ಲೆಕ್ಕ ಬರೆದುಕೊಳ್ಳಿ. ದೊಡ್ಡವರಿಗೆ ದಿನಕ್ಕೆ ಒಟ್ಟು 7ರಿಂದ 11 ಗ್ರಾಂ, ಅದನ್ನು ಎರಡು ಮೂರು ಸಲ ಮಾಡಿ. ಊಟದ ಚಮಚದಲ್ಲಿ ಒಂದು ಚಮಚ ಅಂದರೆ ಸುಮಾರು 5 ಗ್ರಾಂ. ಶುರುವಿಗೆ ದಿನಕ್ಕೆ ಒಂದು ಸಣ್ಣ ಚಮಚ ಸಾಕು, ಒಂದು ವಾರದಲ್ಲಿ ನಿಧಾನಕ್ಕೆ ಹೆಚ್ಚಿಸಿ. ಇಲ್ಲದಿದ್ದರೆ ಹೊಟ್ಟೆ ಉಬ್ಬರಿಸ್ತದೆ. ಪ್ರತಿ ಸಲವೂ ತುಂಬಿದ ಒಂದು ದೊಡ್ಡ ಲೋಟ, ಅಂದರೆ 240 ಮಿ.ಲೀ. ನೀರು. ಕಲಸಿದ ಕೂಡಲೇ ಕುಡಿಯಿರಿ, ಇಟ್ಟರೆ ಗಟ್ಟಿಯಾಗ್ತದೆ. ಅದರ ಮೇಲೆ ಇನ್ನೊಂದು ಲೋಟ ಕುಡಿದರೆ ಇನ್ನೂ ಒಳ್ಳೆಯದು.

ಒಣ ಹೊಟ್ಟನ್ನು ಬಾಯಿಗೆ ಹಾಕಿ ಒಂದು ಗುಟುಕು ನೀರು ಕುಡಿಯುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ಗಂಟಲಲ್ಲೇ ಉಬ್ಬಿ ಸಿಕ್ಕಿಕೊಳ್ಳಬಹುದು, ಉಸಿರು ಕಟ್ಟಬಹುದು. ನುಂಗಲು ಕಷ್ಟ ಇರುವವರು ಇದರ ಹತ್ತಿರ ಹೋಗಲೇಬಾರದು. ಕುಡಿದ ತಕ್ಷಣ ಮಲಗುವುದೂ ಬೇಡ.

ಬೇರೆ ಮದ್ದು ತೆಗೆದುಕೊಳ್ಳುವವರು ಇದಕ್ಕೂ ಅದಕ್ಕೂ ಎರಡು ಗಂಟೆ ಅಂತರ ಇಡಿ. ಲೋಳೆಯಲ್ಲಿ ಸಿಕ್ಕಿ ಮಾತ್ರೆ ಸರಿಯಾಗಿ ದೇಹಕ್ಕೆ ಸೇರದೆ ಹೋಗಬಹುದು. ಶುಗರ್, ಥೈರಾಯ್ಡ್, ಹೃದಯದ ಮಾತ್ರೆ ಇರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಕಬ್ಬಿಣದ ಮಾತ್ರೆ, ಕೆಲವು ನೋವಿನ ಮಾತ್ರೆಗಳಿಂದಲೇ ಮಲಬದ್ಧತೆ ಬರ್ತದೆ ಅನ್ನುವುದೂ ನೆನಪಿರಲಿ. ಥೈರಾಯ್ಡ್ ಕಡಿಮೆಯಾದರೂ ಹೀಗಾಗ್ತದೆ.

ರಂಝಾನ್‌ನಲ್ಲಿ ಹೇಗೆ ಅಂತ ಕೇಳ್ತೀರಿ. ಇಫ್ತಾರ್ ಆಗಿ ಒಂದೆರಡು ಗಂಟೆ ಕಳೆದು, ನೀರಿನ ಜೊತೆ ತೆಗೆದುಕೊಳ್ಳಿ. ಸಹರಿಯ ಕೊನೆಯ ನಿಮಿಷದಲ್ಲಿ ಅರ್ಧ ಲೋಟದಲ್ಲಿ ಕಲಸಿ ಕುಡಿದರೆ ಹಗಲಿಡೀ ನೀರಿಲ್ಲದೆ ಉಲ್ಟಾ ಆಗ್ತದೆ.

ಆದರೆ ಇಸಬ್ಗೋಲ್ ಊಟಕ್ಕೆ ಬದಲಿ ಅಲ್ಲ. ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳ್ತದೆ. ಒಂದು ಕಪ್ ಬಿಳಿ ಅನ್ನದಲ್ಲಿ 1 ಗ್ರಾಂ ಕೂಡ ಇಲ್ಲ. ಬೇಯಿಸಿದ ಒಂದು ಕಪ್ ಕಡಲೆಯಲ್ಲಿ ಸುಮಾರು 12 ಗ್ರಾಂ, ಅದಸ್ ಅಂದರೆ ಚನ್ನಂಗಿ ಬೇಳೆಯಲ್ಲಿ ಸುಮಾರು 15 ಗ್ರಾಂ, ಬೂಫಿಯದ ಫೂಲ್‌ನಲ್ಲಿ 9ರ ಆಸುಪಾಸು. ಒಂದು ಕಿತ್ತಳೆಯಲ್ಲಿ 3 ಗ್ರಾಂ. 100 ಗ್ರಾಂ ಖರ್ಜೂರದಲ್ಲಿ 7-8 ಗ್ರಾಂ, ಆದರೆ ಶುಗರ್ ಇರುವವರು ಅದಕ್ಕೆ ಕೈ ಹಾಕುವ ಮುಂಚೆ ಯೋಚಿಸಬೇಕು. ಬಿಳಿ ಕುಬೂಸ್ ಪಕ್ಕದಲ್ಲೇ ಕಂದು ಗೋಧಿಯ ಕುಬೂಸ್ ಇರ್ತದೆ. ವಾರಕ್ಕೆ ನಾಲ್ಕು ದಿನ ಪರೋಟ ಬಿಟ್ಟು ಫೂಲ್ ತಿನ್ನಿ. ಖರ್ಚು ಹೆಚ್ಚಾಗುವುದಿಲ್ಲ, ಲೆಕ್ಕದವನ ಮಾತು ನಂಬಿ. ಬೆಳಿಗ್ಗೆ ತಿಂಡಿ ಆದ ಮೇಲೆ ಕರುಳು ತಾನಾಗಿ ಎಚ್ಚರಗೊಳ್ತದೆ. ಅದಕ್ಕೆ ಹದಿನೈದು ನಿಮಿಷ ಬೇಗ ಎದ್ದು ತಿಂದು, ಆಮೇಲೆ ಹೋಗಿ. ಮೊಬೈಲ್ ಹೊರಗಿಟ್ಟು ಹೋಗಿ. ಅಲ್ಲಿ ಅರ್ಧ ಗಂಟೆ ಕೂತರೆ ಮೂಲವ್ಯಾಧಿಗೆ ನಾವೇ ಆಮಂತ್ರಣ ಕೊಟ್ಟ ಹಾಗೆ.

ಇನ್ನೊಂದು ಚಿಕ್ಕ ಎಚ್ಚರಿಕೆ. ಊರಿಂದ ಬರುವಾಗ ಇಸಬ್ಗೋಲ್ ತರುವುದಿದ್ದರೆ ಸೀಲ್ ಇರುವ ಕಂಪನಿ ಪ್ಯಾಕೆಟ್ ತನ್ನಿ, ಬಿಲ್ ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಕವರಲ್ಲಿ ಕಟ್ಟಿದ ಬಿಳಿ ಪುಡಿ ಕಸ್ಟಮ್ಸ್‌ನವರಿಗೆ ಎಂತ ಅಂತ ಗೊತ್ತಾಗ್ಬೇಕು? ಗಸಗಸೆಯಂತೂ ಈ ದೇಶದಲ್ಲಿ ನಿಷೇಧ. ಬೇರೆಯವರು ಕೊಟ್ಟ ಪೊಟ್ಟಣ ಬಿಚ್ಚಿ ನೋಡದೆ ತರಬೇಡಿ.

ಈಗ ನಾನು ಮೊದಲು ಹೇಳಿದ ಮಾತಿಗೆ ಬರ್ತೇನೆ.

ನನಗೆ ಗುಣವಾದ ಮೇಲೆ ನಾನು ಇಸಬ್ಗೋಲ್ ಪ್ರಚಾರಕನೇ ಆಗಿಬಿಟ್ಟೆ. ನಮ್ಮ ರೂಮಿನಲ್ಲಿ ಒಬ್ಬರು ಕಾಕ ಇದ್ದರು. ವಯಸ್ಸು ಐವತ್ತು ದಾಟಿತ್ತು. ನಾನು ಹೊಸಬನಾಗಿ ಬಂದಾಗ ಮೊದಲ ತಿಂಗಳ ಊಟದ ದುಡ್ಡು ತೆಗೆದುಕೊಳ್ಳದೆ ಸಾಕಿದವರು. ಒಂದು ದಿನ ಮೆಲ್ಲಗೆ ಹತ್ತಿರ ಬಂದು, "ನನಗೂ ನಿನ್ನ ಹಾಗೆಯೇ ಆಗ್ತಿದೆ, ರಕ್ತ ಹೋಗ್ತದೆ" ಅಂದರು. ನಾನು ಅಂದೆ, "ಹೆದರಬೇಡಿ ಕಾಕ, ಅದೇ ಬಿರುಕು, ಇದು ಕುಡಿಯಿರಿ." ನನ್ನ ಪ್ಯಾಕೆಟ್ ಕೊಟ್ಟೆ. ಅವರು ಕುಡಿದರು. ಒಮ್ಮೆ ಕಡಿಮೆ ಆಯ್ತು ಅಂದರು, ಒಮ್ಮೆ ಇಲ್ಲ ಅಂದರು. ಅವರ ಬೆಲ್ಟ್‌ಗೆ ಎರಡು ಹೊಸ ತೂತು ಬಿತ್ತು. ವಾಕಿಂಗ್ ಮಾಡ್ತಾರೆ, ಅದಕ್ಕೆ ಅಂತ ನಾವು ನಕ್ಕೆವು. ಡಾಕ್ಟರ್ ಹತ್ತಿರ ಹೋಗಿ ಅಂತ ಒಬ್ಬರೂ ಹೇಳಲಿಲ್ಲ. ಅವರಿಗೆ ಹೆದರಿಕೆ ಇತ್ತು: ದೊಡ್ಡ ಕಾಯಿಲೆ ಅಂತಾದರೆ ಎಕ್ಸಿಟ್ ಹೊಡೆದು ಕಳಿಸಿದರೆ? ಮಗಳ ಮದುವೆ ಬಾಕಿ ಇತ್ತು.

ಎಂಟು ತಿಂಗಳಾದ ಮೇಲೆ ರಜೆಗೆ ಊರಿಗೆ ಹೋದರು. ಮಂಗಳೂರಿನಲ್ಲಿ ಕೊಲೊನೋಸ್ಕೋಪಿ ಮಾಡಿದಾಗ ದೊಡ್ಡ ಕರುಳಿನ ಕ್ಯಾನ್ಸರ್, ಲಿವರಿಗೂ ಹರಡಿತ್ತು. ಅವರು ಮತ್ತೆ ಬರಲಿಲ್ಲ. ಮಗಳ ನಿಕಾಹ್ ನೋಡಿದರು, ಅಲ್‌ಹಂದುಲಿಲ್ಲಾಹ್, ಅದಾಗಿ ಮೂರು ತಿಂಗಳಿಗೆ ತೀರಿಕೊಂಡರು.

ಇಸಬ್ಗೋಲ್ ಅವರಿಗೆ ಕೆಟ್ಟದ್ದು ಮಾಡಲಿಲ್ಲ. ಕೆಟ್ಟದ್ದಾದದ್ದು ನಾನು ಡಾಕ್ಟರ್ ಆದದ್ದರಿಂದ. ನನಗಾದದ್ದೇ ಅವರಿಗೂ ಆಗಿದೆ ಅಂತ ನೋಡದೆ ತೀರ್ಮಾನ ಮಾಡಿದೆ. ಮೊದಲ ತಿಂಗಳೇ ಹೋಗಿದ್ದರೆ ಉಳಿಯುತ್ತಿದ್ದರಾ ಅಂತ ಆ ಡಾಕ್ಟರನ್ನು ನಾನು ಕೇಳಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಅದಕ್ಕೇ ಇಷ್ಟನ್ನು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಬಣ್ಣ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಸುಸ್ತು, ಇಷ್ಟು ದಿನ ಸರಿ ಇದ್ದ ಅಭ್ಯಾಸ ಮೂರು ವಾರಕ್ಕಿಂತ ಹೆಚ್ಚು ಕಾಲ ಬದಲಾಗುವುದು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿರುವುದು. ಇದರಲ್ಲಿ ಒಂದಿದ್ದರೂ ಮೊದಲು ಡಾಕ್ಟರ್, ಆಮೇಲೆ ಇಸಬ್ಗೋಲ್. ಹೊಟ್ಟೆ ಉಬ್ಬಿ, ವಾಂತಿಯಾಗಿ, ಗಾಳಿಯೂ ಹೋಗುತ್ತಿಲ್ಲ ಅಂದರೆ ಅದು ತುರ್ತು. ಆಗ ಇಸಬ್ಗೋಲ್ ಮುಟ್ಟಲೇಬೇಡಿ, ಆಂಬ್ಯುಲೆನ್ಸ್‌ಗೆ 997 ಒತ್ತಿ. 45 ದಾಟಿದವರು ತೊಂದರೆ ಇಲ್ಲದಿದ್ದರೂ ಕರುಳಿನ ಪರೀಕ್ಷೆ ಬೇಕಾ ಅಂತ ಒಮ್ಮೆ ಡಾಕ್ಟರನ್ನು ಕೇಳಿ.

ಖರ್ಚಿಗೆ ಹೆದರಬೇಡಿ. ಖಾಸಗಿ ಕಂಪನಿಯ ಕೆಲಸಗಾರನಿಗೆ ವೈದ್ಯಕೀಯ ವಿಮೆ ಮಾಡಿಸುವುದು ಇಲ್ಲಿ ಕಡ್ಡಾಯ, ಪ್ರೀಮಿಯಂ ಕಂಪನಿಯದ್ದೇ ಹೊಣೆ. ನಿಮ್ಮ ವಿಮೆ ಚಾಲ್ತಿಯಲ್ಲಿ ಉಂಟಾ ಅಂತ ಇವತ್ತೇ ನೋಡಿ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ ಆರೋಗ್ಯ ಸಚಿವಾಲಯದ 937ಕ್ಕೆ ಕರೆ ಮಾಡಿ. ಭಾಷೆ ಕಷ್ಟ ಆದರೆ ನಮ್ಮಲ್ಲಿ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ. ನಾನೂ ಬರ್ತೇನೆ.

ಸಹೋದರಿಯರಲ್ಲಿ ಒಂದು ವಿನಂತಿ. ಊರಿಂದ ಫೋನ್ ಮಾಡುವಾಗ "ಊಟ ಆಯ್ತಾ" ಅಂತ ಮಾತ್ರ ಕೇಳಬೇಡಿ. "ಹೊಟ್ಟೆ ಸರಿ ಉಂಟಾ" ಅಂತಲೂ ಕೇಳಿ. ನಾಚಿಕೆ ಬಿಟ್ಟು ಕೇಳಿ. ಗಂಡಸರು ತಾವಾಗಿ ಹೇಳುವುದಿಲ್ಲ, ನನ್ನ ಅನುಭವ.

ರೂಮಿನ ಶೆಲ್ಫ್‌ನಲ್ಲಿ ಇಸಬ್ಗೋಲ್ ಇರಲಿ. ಅದರ ಪಕ್ಕದಲ್ಲಿ ದೊಡ್ಡ ಲೋಟವೂ ಇರಲಿ. ಯಾರಾದರೂ ಅದನ್ನು ತಿಂಗಳುಗಟ್ಟಲೆ ಕುಡಿಯುತ್ತಿದ್ದರೆ ಯಾಕೆ ಅಂತ ಕೇಳುವ ಒಬ್ಬನಾದರೂ ಆ ರೂಮಿನಲ್ಲಿ ಇರಲಿ.

ಅಲ್ಲಾಹನು ನಮ್ಮ ಕಾಕನಿಗೆ ಮಗ್ಫಿರತ್ ನೀಡಲಿ, ನಮಗೆಲ್ಲ ಆಫಿಯತ್ ನೀಡಲಿ. ಆಮೀನ್. ವಸ್ಸಲಾಂ.